ಯೂರಿಯಾದ ಸಾರ ಗಾಳಿಗೆ ಹೋಗೋದು ಯಾಕೆ? ಮಣ್ಣಿನೊಳಗಿನ ಕಿಣ್ವದ ಪಾಠ



ಸವಣೂರು, ಶಿಗ್ಗಾವಿ, ಹಾನಗಲ್ಲ ಕಡೆ ಗೋವಿನಜೋಳ ಮೊಣಕಾಲೆತ್ತರ ಬಂತು ಅಂದ್ರೆ ಮೇಲುಗೊಬ್ಬರದ ಗಡಿಬಿಡಿ ಶುರುವಾಗುತ್ತದೆ. ಒಂದು ಚೀಲ ಯೂರಿಯಾ ಅಂದ್ರೆ 45 ಕಿಲೋ. ಅದರಲ್ಲಿ ಸಾರಜನಕ ಶೇ. 46, ಅಂದ್ರೆ ಸುಮಾರು 20.7 ಕಿಲೋ. ಇದರಲ್ಲಿ ಬೆಳೆಗೆ ಎಷ್ಟು ಸಿಗುತ್ತದೆ, ಗಾಳಿಗೆ ಎಷ್ಟು ಹೋಗುತ್ತದೆ ಅನ್ನೋದನ್ನು ತೀರ್ಮಾನಿಸುವುದು ಮಣ್ಣಿನಲ್ಲಿರುವ ಒಂದು ಕಿಣ್ವ. ಅದರ ಹೆಸರು ಯೂರಿಯೇಸ್.

ನಾನು ಸಾವಯವ ಬೇಸಾಯ ಮಾಡುವವನು, ಹೊಲಕ್ಕೆ ಯೂರಿಯಾ ಹಾಕುವುದಿಲ್ಲ. ಆದರೆ ಗೋಮೂತ್ರದಲ್ಲಿರುವ ಸಾರಜನಕವೂ ಬಹುಪಾಲು ಯೂರಿಯಾ ರೂಪದಲ್ಲೇ ಇರುತ್ತದೆ. ಹಾಗಾಗಿ ಈ ಪಾಠ ಇಬ್ಬರಿಗೂ ಬೇಕು.

ಕಿಣ್ವ ಅಂದ್ರೆ ಏನು?

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲಾಲರನ್ನು ನೆನೆಸಿಕೊಳ್ಳಿ. ಮಾರುವವರು, ಕೊಳ್ಳುವವರು ತಾವೇ ಹುಡುಕಿಕೊಂಡು ಹೋದರೆ ದಿನಗಟ್ಟಲೆ ಬೇಕು. ದಲಾಲರು ನಡುವೆ ನಿಂತರೆ ವ್ಯವಹಾರ ಗಳಿಗೆಯಲ್ಲಿ ಮುಗಿಯುತ್ತದೆ. ಮಾಲು ಕೈ ಬದಲಾಯಿಸುತ್ತದೆ, ದಲಾಲರು ಇದ್ದ ಹಾಗೇ ಇದ್ದು ಮುಂದಿನ ಗಿರಾಕಿ ಕಡೆ ತಿರುಗುತ್ತಾರೆ. ರಾಸಾಯನಿಕ ಕ್ರಿಯೆಯಲ್ಲಿ ವೇಗವರ್ಧಕ ಮಾಡುವುದೂ ಇದನ್ನೇ. ಅದು ಕಮಿಷನ್ ಮಾತ್ರ ತಗೊಳ್ಳಲ್ಲ!

ಜೀವಿಗಳು ತಯಾರಿಸುವ ವೇಗವರ್ಧಕವೇ ಕಿಣ್ವ. ಯಾವುದೇ ಕ್ರಿಯೆ ಶುರುವಾಗಲು ಸ್ವಲ್ಪ ಶಕ್ತಿಯ ದಿಬ್ಬ ದಾಟಬೇಕು. ಕಿಣ್ವ ಆ ದಿಬ್ಬವನ್ನು ತಗ್ಗಿಸುತ್ತದೆ. ಆಗದೇ ಇರುವ ಕ್ರಿಯೆಯನ್ನು ಅದು ಆಗಿಸುವುದಿಲ್ಲ. ಹೇಗೂ ಆಗುವುದನ್ನು ಬೇಗ ಆಗಿಸುತ್ತದೆ, ಅಷ್ಟೇ. ಬರೀ ನೀರಿನಲ್ಲಿ ಕರಗಿದ ಯೂರಿಯಾ ತಾನಾಗಿಯೇ ಒಡೆಯಲು ಹತ್ತಾರು ವರ್ಷ ಬೇಕು. ಯೂರಿಯೇಸ್ ಇರುವ ಹಸಿ ಮಣ್ಣಿನಲ್ಲಿ ಕೆಲವೇ ದಿನ ಸಾಕು. ಯೂರಿಯಾ ನೀರಿನ ಜೊತೆ ಸೇರಿ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ.

ಕೀಲಿಗೆ ತಕ್ಕ ಕೀಲಿಕೈ ಇದ್ದ ಹಾಗೆ, ಒಂದೊಂದು ಕಿಣ್ವಕ್ಕೂ ಒಂದೊಂದು ಕೆಲಸ. ಈ ಹೋಲಿಕೆ ಕೊಟ್ಟವರು ಜರ್ಮನಿಯ ಎಮಿಲ್ ಫಿಶರ್, 1894ರಲ್ಲಿ. ಕಿಣ್ವ ಅಂದ್ರೆ ಪ್ರೋಟೀನ್ ಅಂತ ತೋರಿಸಿದವರು ಅಮೆರಿಕದ ಜೇಮ್ಸ್ ಸಮ್ನರ್. 1926ರಲ್ಲಿ ಅವರು ಜ್ಯಾಕ್ ಬೀನ್ ಎಂಬ ದ್ವಿದಳ ಕಾಳಿನಿಂದ ಹರಳು ರೂಪದಲ್ಲಿ ತೆಗೆದದ್ದು ಇದೇ ಯೂರಿಯೇಸನ್ನು. ಮೊದಲು ಬಹಳ ಜನ ಒಪ್ಪಲಿಲ್ಲ. 1946ರಲ್ಲಿ ನೊಬೆಲ್ ಬಂತು.

ಮನೆಯಲ್ಲೇ ಮಾಡಿ ನೋಡ್ರಿ

ನಮ್ಮ ಸೋಯಾ ಅವರೆಯಲ್ಲೂ ಯೂರಿಯೇಸ್ ಹೇರಳವಾಗಿದೆ.

1. ಬಿಳಿ ಬಟ್ಟೆ ಚೂರಿಗೆ ಅರಿಶಿನದ ನೀರು ಹಚ್ಚಿ ಒಣಗಿಸಿ.
2. ಎರಡು ಹಳೇ ಗ್ಲಾಸಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ತಲಾ ಎರಡು ಚಮಚ ಯೂರಿಯಾ ಕರಗಿಸಿ.
3. ಒಂದಕ್ಕೆ ಎರಡು ಚಮಚ ಹಸಿ ಸೋಯಾ ಹಿಟ್ಟು ಹಾಕಿ. ಇನ್ನೊಂದಕ್ಕೆ, ಚೆನ್ನಾಗಿ ಬೇಯಿಸಿ ಆರಿಸಿ ಅರೆದ ಸೋಯಾ ಅಷ್ಟೇ ಹಾಕಿ. ಎರಡನ್ನೂ ಮುಚ್ಚಿಡಿ.
4. ಒಂದು ತಾಸು ಬಿಟ್ಟು ಅರಿಶಿನದ ಬಟ್ಟೆ ಅದ್ದಿ.

ಹಸಿ ಹಿಟ್ಟಿನ ಗ್ಲಾಸಿನಲ್ಲಿ ಬಟ್ಟೆ ಕೆಂಪಗಾಗುತ್ತದೆ, ಮೂಗಿಗೆ ಘಾಟೂ ಹೊಡೆಯುತ್ತದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದಿಲ್ಲವೇ, ಹಾಗೇ ಇದು. ಅಮೋನಿಯಾ ಕೂಡ ಕ್ಷಾರ. ಬೇಯಿಸಿದ್ದರಲ್ಲಿ ಬಣ್ಣ ಬದಲಾಗುವುದಿಲ್ಲ, ಯಾಕಂದ್ರೆ ಬಿಸಿಗೆ ಪ್ರೋಟೀನಿನ ಆಕಾರ ಕೆಟ್ಟಿತು. ಆಕಾರ ಕೆಟ್ಟ ಕೀಲಿಕೈಯಿಂದ ಕೀಲಿ ತೆಗೆಯಲಾಗದು.

ನೆನಪಿಡಿ: ಈ ನೀರನ್ನು ದನಗಳಿಗೆ ಸಿಗದ ಹಾಗೆ ಚೆಲ್ಲಿ. ಯೂರಿಯಾ ಸೇರಿದ ದಾಣಿ ಜೊತೆ ಹಸಿ ಸೋಯಾ ಎಂದೂ ಕೊಡಬೇಡಿ. ಹೊಟ್ಟೆಯಲ್ಲಿ ಅಮೋನಿಯಾ ಒಮ್ಮೆಲೇ ಹೆಚ್ಚಾದರೆ ದನದ ಜೀವಕ್ಕೇ ಅಪಾಯ.

ಹೊಲದಲ್ಲಿ ಆಗುವುದೇನು?

ಮಣ್ಣಿನ ಸೂಕ್ಷ್ಮಜೀವಿಗಳು, ಕೊಳೆಯುವ ರವದಿ, ಬೇರು ಎಲ್ಲದರಿಂದಲೂ ಯೂರಿಯೇಸ್ ಬರುತ್ತದೆ. ಯೂರಿಯಾ ಮಣ್ಣಿನೊಳಗೆ ಇದ್ದು ಒಡೆದರೆ ನಮಗೇ ಒಳ್ಳೆಯದು. ಹುಟ್ಟಿದ ಅಮೋನಿಯಾ ನೀರಿನಲ್ಲಿ ಅಮೋನಿಯಂ ಆಗಿ ಜೇಡಿಯ ಕಣಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಎರೆ ಮಣ್ಣು ಈ ಹಿಡಿತದಲ್ಲಿ ಗಟ್ಟಿ. ಆದರೆ ಮಣ್ಣಿನ ಮೇಲೆಯೇ ಬಿದ್ದು ಒಡೆದರೆ ಕಾಳಿನ ಸುತ್ತ ಕ್ಷಾರ ಹೆಚ್ಚಿ, ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ.

ನಷ್ಟ ಹೆಚ್ಚಾಗುವುದು ಯಾವಾಗ? ಮೇಲ್ಮಣ್ಣು ಹಸಿ ಇದ್ದು ಮೇಲೆ ಮಳೆ ಬಾರದೆ ಬಿಸಿಲು-ಗಾಳಿ ಬಿದ್ದಾಗ, ಮಣ್ಣು ಕ್ಷಾರೀಯ ಇದ್ದಾಗ, ರವದಿ ಮೇಲೆಯೇ ಗೊಬ್ಬರ ಚೆಲ್ಲಿದಾಗ. ತುಂತುರು ಮಳೆ ಆಗಿದೆ ಅಂತ ಎರಚಿ, ಮುಂದೆ ವಾರ ಮಳೆ ಹೋದರೆ ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಬೇವು ಲೇಪಿತ ಯೂರಿಯಾ ಇದೆಯಲ್ಲ ಅಂತ ಕೇಳಬಹುದು. ಬೇವಿನ ಮುಖ್ಯ ಕೆಲಸ ಅಮೋನಿಯಂ ನೈಟ್ರೇಟ್ ಆಗುವ ಮುಂದಿನ ಹಂತವನ್ನು ನಿಧಾನ ಮಾಡುವುದು. ಮೇಲೆ ಚೆಲ್ಲಿದ್ದು ಹಾರಿಹೋಗದಂತೆ ಕಾಯಲು ಅದನ್ನೇ ನಂಬಬೇಡಿ.

ಮಾಡಬೇಕಾದ್ದು

ಯೂರಿಯಾ ಹಾಕುವವರು:
- ಸಾಲಿನ ಬದಿಗೆ ಹಾಕಿದ ಕೂಡಲೇ ಎಡೆಕುಂಟೆ ಹೊಡೆದು ಎರಡು ಇಂಚು ಮಣ್ಣಿನಡಿ ಸೇರಿಸಿ.
- ಅದು ಆಗದಿದ್ದರೆ, ಅರ್ಧ ಇಂಚಿನಷ್ಟು ಮಳೆ ಖಾತ್ರಿ ಇದ್ದಾಗ ಅಥವಾ ಅಂದೇ ನೀರು ಹಾಯಿಸುವುದಿದ್ದಾಗ ಮಾತ್ರ ಹಾಕಿ.
- ಒಮ್ಮೆಲೇ ಸುರಿಯದೆ ಕಂತಿನಲ್ಲಿ ಕೊಡಿ.

ಗೋಮೂತ್ರ ಬಳಸುವವರು:
- ತಾಜಾ ಗಂಜಳಕ್ಕೆ ಅಷ್ಟು ಘಾಟಿಲ್ಲ. ಸಗಣಿ ಜೊತೆ ಗಟಾರದಲ್ಲಿ ನಿಂತಾಗ ಸಗಣಿಯ ಸೂಕ್ಷ್ಮಜೀವಿಗಳ ಯೂರಿಯೇಸ್ ಕೆಲಸ ಶುರು ಮಾಡುತ್ತದೆ. ಕೊಟ್ಟಿಗೆಯಲ್ಲಿ ಮೂಗು ಉರಿಯುತ್ತಿದೆ ಅಂದ್ರೆ ಸಾರಜನಕ ಹೊರಗೆ ಹೋಗುತ್ತಿದೆ ಅಂತಲೇ ಅರ್ಥ.
- ಗಂಜಳವನ್ನು ಸಗಣಿಯಿಂದ ಬೇರೆಯಾಗಿ ಹಿಡಿದು, ಮುಚ್ಚಳ ಇರುವ ಕ್ಯಾನಿನಲ್ಲಿ ನೆರಳಿಗೆ ಇಡಿ.
- ಹತ್ತು ಪಟ್ಟು ನೀರು ಬೆರೆಸಿ, ಎಲೆಬಳ್ಳಿ ತೋಟಕ್ಕಾದರೆ ಕಾಲುವೆ ನೀರಿನ ಜೊತೆ, ಸಂಜೆ ಹೊತ್ತು ಮಣ್ಣಿಗೆ ಕೊಡಿ.
- ಹಿಡಿಯಲು ಆಗದಿದ್ದರೆ ದನದ ಕೆಳಗೆ ಒಣಹುಲ್ಲು, ರವದಿ ಹಾಸಿ. ಹೀರಿದ್ದನ್ನು ತಿಪ್ಪೆಗೆ ಹಾಕಿ ಮೇಲೆ ಮಣ್ಣು ಮುಚ್ಚಿ.

ಕೊನೆಗೊಂದು ಮಾತು. ಅಂಗಡಿಯಲ್ಲಿ "ಎಂಜೈಮ್" ಅಂತ ಬಾಟಲಿ ಕೊಟ್ಟರೆ ಮೂರು ಪ್ರಶ್ನೆ ಕೇಳಿ: ಯಾವ ಕಿಣ್ವ? ಯಾವ ಕೆಲಸಕ್ಕೆ? ಇಷ್ಟು ದಿನ ಬಿಸಿಲಿನಲ್ಲಿ ಇಟ್ಟಿದ್ದಕ್ಕೆ ಅದು ಕೆಟ್ಟಿಲ್ಲ ಅನ್ನೋದಕ್ಕೆ ಗ್ಯಾರಂಟಿ ಏನು? ಬೆಂದ ಸೋಯಾದ ಗ್ಲಾಸು ನೆನಪಿರಲಿ. ಕೊಟ್ಟಿಗೆ ಗೊಬ್ಬರ ಕಂಡ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಕಿಣ್ವಗಳನ್ನು ದಿನವೂ ಪುಕ್ಕಟೆ ತಯಾರಿಸುತ್ತಿರುತ್ತವೆ. ಅವು ಬಿಡಿಸಿಕೊಟ್ಟ ಸಾರವನ್ನು ಮಣ್ಣಿನಡಿ ಉಳಿಸಿಕೊಳ್ಳುವುದು ನಮ್ಮ ಕೆಲಸ.