ಚಪ್ಪಲಿಗಿಂತ ಮೊದಲು ಸೆನ್ಸರಿನ ಪರೀಕ್ಷೆ

ಗಡಹಿಂಗ್ಲಜ



ಇಚಲಕರಂಜಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನೀನು ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೊಲ್ಹಾಪುರಿ ಚಪ್ಪಲಿಯನ್ನು ಆರಿಸಿಕೊಂಡದ್ದು ಕೇಳಿ ಸಂತೋಷವಾಯಿತು. 2019ರಲ್ಲಿ ಈ ಚಪ್ಪಲಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಒಟ್ಟಿಗೇ ಬಂತು. ಕೊಲ್ಹಾಪುರದ ಚಪ್ಪಲ್ ಲೈನ್ ಪೇಟೆಯವರದ್ದಷ್ಟೇ ಅಲ್ಲ, ಅಥಣಿ, ನಿಪ್ಪಾಣಿ ಸೀಮೆಯ ಕುಶಲಕರ್ಮಿಗಳದ್ದೂ ಈ ಕಸುಬು. ಈ ಚಪ್ಪಲಿ ಸಕ್ಕರೆ ಕಾಯಿಲೆಯವರ ಕಾಲಿಗೂ ಒಗ್ಗಬೇಕೆಂಬ ನಿನ್ನ ಆಸೆ ದೊಡ್ಡದು.

ಹೊಸ ಚಪ್ಪಲಿ ಕಚ್ಚಿದರೆ ನಾವು ಕಳಚಿ ಕೈಯಲ್ಲಿ ಹಿಡಿದು ನಡೆಯುತ್ತೇವೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋದವರಿಗೆ ಆ ಎಚ್ಚರಿಕೆಯೇ ಇಲ್ಲ. 1946ರಲ್ಲಿ ವೆಲ್ಲೂರಿಗೆ ಬಂದ ವೈದ್ಯ ಪಾಲ್ ಬ್ರಾಂಡ್ ಇದನ್ನೇ ಕುಷ್ಠರೋಗಿಗಳಲ್ಲಿ ಕಂಡುಕೊಂಡರು. ನೋವು ತಿಳಿಯದ ಪಾದದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಡ ಬಿದ್ದು ಹುಣ್ಣಾಗುತ್ತಿತ್ತು. ಅಂಥವರ ಪಾಲಿಗೆ, ಒತ್ತಡ ಅಳೆಯಲು ಚಪ್ಪಲಿಯಲ್ಲಿ ನೀನು ಇಡುವ ಸೆನ್ಸರೇ ನೋವಿನ ಬದಲಿಗೆ ಮಾತಾಡಬೇಕು. ಅದು ಸುಳ್ಳು ಹೇಳಬಾರದು.

ಆದ್ದರಿಂದ ಮೊದಲು ಸೆನ್ಸರನ್ನೇ ಪರೀಕ್ಷಿಸು. ಒಂದು ಚದರ ಸೆಂಟಿಮೀಟರ್ ರಬ್ಬರ್ ತುಂಡನ್ನು ಅದರ ಮೇಲಿಟ್ಟು 2 ಕಿಲೋ ತೂಕ ಹೇರಿದರೆ ಸುಮಾರು 196 ಕಿಲೋಪಾಸ್ಕಲ್ ತೋರಿಸಬೇಕು. ಅಂಗಾಲಿನ ಹುಣ್ಣು ಒಮ್ಮೆ ವಾಸಿಯಾದ ಮಧುಮೇಹಿಗಳ ಪಾದರಕ್ಷೆಯಲ್ಲಿ ಒತ್ತಡ 200 ಕಿಲೋಪಾಸ್ಕಲ್ ದಾಟಬಾರದೆಂಬುದು ತಜ್ಞರು ಇಟ್ಟುಕೊಂಡಿರುವ ಗುರಿ. ನಿಜವಾದ 230 ನಿನ್ನ ಪರದೆಯಲ್ಲಿ 190 ಆಗಿ ಕಂಡರೆ ಅಪಾಯದ ಚಪ್ಪಲಿಯೂ ಪಾಸಾಗಿಬಿಡುತ್ತದೆ.

ತೂಕವನ್ನು ಅರ್ಧ ಗಂಟೆ ಹಾಗೇ ಬಿಡು. ಅಗ್ಗದ ತೆಳು ಸೆನ್ಸರುಗಳಲ್ಲಿ ಭಾರ ಬದಲಾಗದಿದ್ದರೂ ಅಂಕಿ ಮೆಲ್ಲಗೆ ಸರಿಯುತ್ತ ಹೋಗುತ್ತದೆ. ತೂಕ ಏರಿಸುವಾಗಿನ ಅಂಕಿಯೂ ಇಳಿಸುವಾಗಿನ ಅಂಕಿಯೂ ಒಂದೇ ಇರುವುದಿಲ್ಲ, ಎರಡನ್ನೂ ಬರೆದಿಡು. ಬೆವರು, ಬಿಸಿ ತಗುಲಿದಾಗ ಏನಾಗುತ್ತದೆ ಎಂಬುದನ್ನೂ ನೋಡು.

ಪಾದದ ಮೇಲೆ ಹಾಯುವ ಚಪ್ಪಲಿಯ ಪಟ್ಟಿಯಡಿ ಇಡುವ ಸೆನ್ಸರಿನ ಪರೀಕ್ಷೆ ಇನ್ನೂ ಕಷ್ಟದ್ದು. ಬಾಗಿದರೆ ಸಾಕು, ಒತ್ತದೆಯೇ ಸೆನ್ಸರ್ ಅಂಕಿ ತೋರಿಸುತ್ತದೆ. ಅದನ್ನು ಕಾಲಿನಷ್ಟು ದಪ್ಪದ ದುಂಡು ಕಟ್ಟಿಗೆಗೆ ಸುತ್ತಿ, ಮೇಲೆ ಬಿ.ಪಿ. ನೋಡುವ ಪಟ್ಟಿ ಕಟ್ಟಿ, 100 ಮಿಲಿಮೀಟರ್ ಪಾದರಸದವರೆಗೆ ಗಾಳಿ ತುಂಬು. ಹತ್ತಿರ ಹತ್ತಿರ 13 ಕಿಲೋಪಾಸ್ಕಲ್ ಬಂದರೆ ಸರಿ. ಹೆಬ್ಬೆರಳ ಬಳಿ ಚರ್ಮ ಉಜ್ಜುವುದನ್ನು ಮಾತ್ರ ಈ ಸೆನ್ಸರ್ ಅಳೆಯಲಾರದು. ಅದು ನಿನ್ನ ವರದಿಯಲ್ಲಿ ಸ್ಪಷ್ಟವಾಗಿ ಇರಲಿ.

ಕೊನೆಗೆ, ಸ್ಪರ್ಶಜ್ಞಾನ ಚೆನ್ನಾಗಿರುವ ನಿನ್ನ ಗೆಳೆಯರಿಗೇ ಚಪ್ಪಲಿ ತೊಡಿಸಿ ನಡೆಸು. ಕಳಚಿದ ಮೇಲೆ ಪಾದ ನೋಡು. ನಮ್ಮ ಕಪ್ಪು ಮೈಯಲ್ಲಿ ಕೆಂಪು ಬೇಗ ಕಾಣದು, ಬೆರಳಿಟ್ಟು ಬಿಸಿಯಾಗಿದೆಯೇ ನೋಡು. ಸೆನ್ಸರ್ ಪರದೆಯಲ್ಲಿ ತೋರಿಸುವ ಒತ್ತಡದ ಬಣ್ಣದ ನಕ್ಷೆಗೂ ಚರ್ಮದ ಗುರುತಿಗೂ ತಾಳೆಯಾಗದಿದ್ದರೆ ಚರ್ಮವನ್ನೇ ನಂಬು.

ಇಷ್ಟಾಗದೆ ಯಾವ ಮಧುಮೇಹಿಯ ಕಾಲಿಗೂ ಆ ಚಪ್ಪಲಿ ತೊಡಿಸಬೇಡ. ಇಷ್ಟೂ ಆದಮೇಲೆ, ವೈದ್ಯರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು ಧೈರ್ಯವಾಗಿ ಮುಂದುವರಿ.

ನಿನ್ನ ಹಿತೈಷಿ,
ಕಾಕಾ