ಪಾಟಿ ಹಿಡಿಯುವದಕ್ಕೆ ಮುಂಚೆ: ಕೂಸುಗಳಿಗೆ ಶಬ್ದವನ್ನೂ ಮಾತನ್ನೂ ಕಲಿಸುವ ಪಾಠ



ಹೊಲವನ್ನು ಹದಮಾಡದೆ ಬೀಜ ಬಿತ್ತುವ ಒಕ್ಕಲಿಗನು ನಮ್ಮ ಸೀಮೆಯಲ್ಲಿ ಸಿಕ್ಕಲಾರನು. ಮಳೆಗಾಲದಲ್ಲಿ ಎರೆಭೂಮಿಯನ್ನು ಹರಗಿ, ಹಸಿಯನ್ನು ಕಾಪಾಡಿ, ಆಮೇಲೆ ಹಿಂಗಾರಿಯ ಬಿಳಿಜೋಳವನ್ನು ಬಿತ್ತುವದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳ ವಾಡಿಕೆ. ಆದರೆ ನಮ್ಮ ಕೂಸುಗಳ ವಿಷಯದಲ್ಲಿ ಈ ಬುದ್ಧಿಯನ್ನು ಮರೆತುಬಿಡುತ್ತೇವೆ. ಮೂರು ವರುಷ ತುಂಬಿತೋ ಇಲ್ಲವೋ, ಪಾಟಿಯನ್ನು ಕೈಗೆ ಕೊಟ್ಟು “ಅ ಬರೆ, ಆ ಬರೆ” ಎಂದು ಗದರಿಸುತ್ತೇವೆ. ಕೂಸು ಅಳುತ್ತದೆ, ನಾವು ಅದನ್ನು ದಡ್ಡ ಕೂಸೆಂದು ಕರೆಯುತ್ತೇವೆ. ಇದು ಕೂಸಿನ ತಪ್ಪಲ್ಲ, ಹದ ನೋಡದ ನಮ್ಮ ತಪ್ಪು.

ನನ್ನ ಸ್ವಂತ ತಪ್ಪನ್ನೇ ಮೊದಲು ಹೇಳುವೆನು. ಒಂದು ಹಳ್ಳಿಯಲ್ಲಿ ನಾಲ್ಕು ವರುಷದ ಒಬ್ಬ ಹುಡುಗಿ ಇದ್ದಳು. ತಂದೆತಾಯಿಗಳು ಕಬ್ಬು ಕಡಿಯಲು ಗಡಿ ದಾಟಿ ಹೋಗಿದ್ದರು. ಕೂಸು ಅಜ್ಜಿಯ ಹತ್ತರ ಉಳಿದಿತ್ತು. ನಾನು ಚಿತ್ರವನ್ನು ತೋರಿಸಿ ಇದೇನೆಂದು ಕೇಳಲು, ಆಕೆ ಸಂತೋಷದಿಂದ “ಮನಿ” ಎಂದಳು. ನಾನು ಎಲ್ಲರ ಮುಂದೆ “ಮನಿ ಅಲ್ಲ, ಮನೆ ಅನ್ನು” ಎಂದು ತಿದ್ದಿದೆನು, ಕೂತವರು ನಕ್ಕರು. ಆ ಹೊತ್ತಿನಿಂದ ಆ ಹುಡುಗಿ ಎಂಟು ದಿವಸ ನನ್ನ ಎದುರಿಗೆ ಬಾಯಿ ತೆರೆಯಲಿಲ್ಲ. ಆಗ ಅಜ್ಜಿಯು ನನಗೆ ಹೇಳಿದ್ದೇನಂದರೆ: “ಮಾಸ್ತರ, ಕೂಸು ನನ್ನ ಮಾತನ್ನಽ ಆಡ್ತೈತ್ರಿ. ನನ್ನ ಮಾತು ತಪ್ಪಂದ್ರ, ಅದಕ್ಕ ಬ್ಯಾರೆ ಬಾಯಿ ನಾ ಎಲ್ಲಿಂದ ತರ್ಲಿ?” ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಓದುಬರಹ ಬಾರದ ಆ ಮುದುಕಿಯೇ ಆ ಕೂಸಿನ ಮೊದಲನೆಯ ಉಪಾಧ್ಯಾಯಿನಿ ಎಂಬದನ್ನು ನಾನು ಆ ದಿನ ಕಲಿತೆನು. ಆದಕಾರಣ ಈ ಪಾಠವನ್ನು ಮುಖ್ಯವಾಗಿ ಓದುಬಾರದ ತಾಯಂದಿರಿಗಾಗಿಯೂ ಅಜ್ಜಿಯರಿಗಾಗಿಯೂ ಬರೆಯುತ್ತೇನೆ. ಓದಬಲ್ಲವರು ಅವರಿಗೆ ಓದಿ ಹೇಳಬೇಕು.

ಮೂರರಿಂದ ಆರು ವರುಷದ ಮಕ್ಕಳಿಗೆ ಅಂಗನವಾಡಿ ಉಂಟಲ್ಲಾ ಎಂದು ಕೆಲವರು ಹೇಳಬಹುದು. ಹೌದು, 1975ನೇ ಅಕ್ಟೋಬರ 2ನೇ ತಾರೀಖಿಗೆ ದೇಶದ 33 ಸ್ಥಳಗಳಲ್ಲಿ ಆ ಯೋಜನೆಯು ಆರಂಭವಾಯಿತು, ಅವುಗಳಲ್ಲಿ ನಮ್ಮ ರಾಜ್ಯದ ತಿರುಮಕೂಡಲು ನರಸೀಪುರವೂ ಒಂದು. ಅಂಗನವಾಡಿಗೆ ಮಕ್ಕಳನ್ನು ತಪ್ಪದೆ ಕಳುಹಿಸತಕ್ಕದ್ದು. ಆದರೆ ಕೂಸು ಅಲ್ಲಿ ಇರುವದು ಕೆಲವು ತಾಸು ಮಾತ್ರ. ಮಿಕ್ಕ ಹೊತ್ತೆಲ್ಲಾ ಮನೆಯಲ್ಲಿಯೇ. ಮೂರು ವರುಷಕ್ಕೆ ಮುಂಚಿನ ಕಾಲವಂತೂ ಪೂರ್ಣವಾಗಿ ಮನೆಯದೇ.

1. ಕಿವಿ ಮತ್ತು ಬಾಯಿ

ಕೂಸು ಸುಮಾರು ಒಂದು ವರುಷಕ್ಕೆ ಮೊದಲ ಮಾತನ್ನು ಆಡುತ್ತದೆ. ಎರಡು ವರುಷದ ಹೊತ್ತಿಗೆ ಎರಡು ಮಾತುಗಳನ್ನು ಕೂಡಿಸುತ್ತದೆ. ಆದರೆ ಆಡುವದಕ್ಕಿಂತ ಬಹಳ ಮುಂಚೆ ಕೇಳಿ ತಿಳಿಯುತ್ತದೆ. ಹೀಗಿರಲಾಗಿ ಕೂಸಿನ ಸಂಗಡ ಮಾತಾಡುತ್ತಾ ಕೆಲಸಮಾಡುವದೇ ಮೊದಲನೆಯ ಪಾಠ. ರೊಟ್ಟಿ ಮಾಡುವಾಗ ಸುಮ್ಮನೆ ಮಾಡಬೇಡಿರಿ. ಹಿಟ್ಟು, ನೀರು, ಹಂಚು, ಒಲೆ, ಬುಟ್ಟಿ ಎಂದು ಒಂದೊಂದನ್ನು ಮುಟ್ಟಿಸಿ ಹೆಸರು ಹೇಳಿರಿ. ನಾದುತ್ತೇನೆ, ಬಡಿಯುತ್ತೇನೆ, ಹಂಚಿಗೆ ಹಾಕುತ್ತೇನೆ, ತಿರುವುತ್ತೇನೆ ಎಂದು ಕೆಲಸದ ಮಾತುಗಳನ್ನೂ ಹೇಳಿರಿ. ಬಿಸಿ, ತಣ್ಣಗೆ, ಮೆತ್ತಗೆ, ಗಟ್ಟಿ ಎಂಬ ಗುಣದ ಮಾತುಗಳನ್ನು ಕೈಯಿಂದ ಮುಟ್ಟಿದಾಗಲೇ ಕೂಸು ಚೆನ್ನಾಗಿ ತಿಳಿಯುವದು; ಸುಡುವದನ್ನು ಮಾತ್ರ ದೂರದಿಂದ ತೋರಿಸಿರಿ. ಹೊಲಕ್ಕೆ ಹೋದರೆ ತೆನೆ, ಕಣಿಕೆ, ಕಣ, ರಾಶಿ, ಸೀತನಿ. ತೋಟಕ್ಕೆ ಹೋದರೆ ಲಿಂಬಿಯ ಎಲೆ, ಮುಳ್ಳು, ಹೂವು, ಕಾಯಿ. ಹೀಗೆ ದಿನಕ್ಕೆ ಎರಡು ಮೂರು ಹೊಸ ಮಾತು ಸಾಕು.

ಕೂಸು ಒಂದು ಮಾತು ಆಡಿದರೆ ಅದಕ್ಕೆ ಒಂದೆರಡು ಮಾತು ಕೂಡಿಸಿ ತಿರುಗಿ ಹೇಳಿರಿ. ಅದು “ಎತ್ತು” ಅಂದರೆ, ನೀವು “ಹೌದು, ಬಿಳಿ ಎತ್ತು ನೀರು ಕುಡಿಯುತ್ತದೆ” ಅನ್ನಿರಿ. ಇದರಿಂದ ಕೂಸು ಗದರಿಕೆಯಿಲ್ಲದೆ ವಾಕ್ಯವನ್ನು ಕಲಿಯುವದು.

2. ಚಪ್ಪಾಳೆಯ ಪಾಠ

ಮೂರು ವರುಷ ತುಂಬಿದ ಮೇಲೆ ಮಾತನ್ನು ತುಂಡುಮಾಡಿ ಕೇಳಿಸಬೇಕು. ಪ್ರತಿ ತುಂಡಿಗೆ ಒಂದು ಚಪ್ಪಾಳೆ. ಲಿಂ–ಬಿ, ಎರಡು. ತೊ–ಗ–ರಿ, ಮೂರು. ನಮ್ಮ ಊರುಗಳನ್ನೇ ತೆಗೆದುಕೊಳ್ಳಿರಿ: ಇಂ–ಡಿ ಎರಡು, ಸಿಂ–ದ–ಗಿ ಮೂರು, ಮು–ದ್ದೇ–ಬಿ–ಹಾ–ಳ ಐದು, ಬ–ಸ–ವ–ನ ಬಾ–ಗೇ–ವಾ–ಡಿ ಎಂಟು. ಆಮೇಲೆ ಕೂಸಿನ ಹೆಸರು, ಅಜ್ಜಿಯ ಹೆಸರು, ನೆರೆಯವರ ಹೆಸರು. ಇದಕ್ಕೆ ಪುಸ್ತಕವೂ ಬೇಡ, ಅಕ್ಷರಜ್ಞಾನವೂ ಬೇಡ. ಆದರೂ ಇದು ಆಟ ಮಾತ್ರವಲ್ಲ. ಯಾಕಂದರೆ ಕನ್ನಡದ ಒಂದೊಂದು ಅಕ್ಷರವು ಬಹುಮಟ್ಟಿಗೆ ಇಂಥ ಒಂದೊಂದು ತುಂಡನ್ನೇ ಸೂಚಿಸುತ್ತದೆ. ಚಪ್ಪಾಳೆಯಿಂದ ತುಂಡನ್ನು ಕೇಳಬಲ್ಲ ಕೂಸಿಗೆ ಮುಂದೆ ಅಕ್ಷರವು ಪರಕೀಯವಾಗಿ ತೋರದು.

3. ಬುಟ್ಟಿಯ ಪಾಠ

ಒಂದು ಬುಟ್ಟಿಯಲ್ಲಿ ಬಳೆ, ಬಟ್ಟಲು, ಬಟ್ಟೆ, ಕಲ್ಲು, ಕಡ್ಡಿ ಇವುಗಳನ್ನು ಇಡಿರಿ. ಕೂಸು ಒಂದೊಂದನ್ನು ತೆಗೆದು ಹೆಸರು ಹೇಳಲಿ. “ಬ” ಎಂದು ಶುರುವಾಗುವವು ಒಂದು ಕಡೆ, “ಕ” ಎಂದು ಶುರುವಾಗುವವು ಇನ್ನೊಂದು ಕಡೆ. ಇಲ್ಲಿ ಒಂದು ಎಚ್ಚರಿಕೆ. “ಕ” ಕಲಿಸುವಾಗ ಕುರಿಯನ್ನೂ ಕೋಳಿಯನ್ನೂ ತೋರಿಸಬಾರದು. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಅದರ ಶಬ್ದ ಬೇರೆ. ಕನ್ನಡದಲ್ಲಿಯಾದರೋ “ಕ” ಎಂಬ ಅಕ್ಷರದ ಹೆಸರೇ ಅದರ ಶಬ್ದ. ಕುರಿ ಎಂದರೆ ಕೂಸಿನ ಕಿವಿಗೆ ಬೀಳುವದು “ಕು”, “ಕ” ಅಲ್ಲ. ಕೂಸು ಕೇಳಿದ್ದು ಒಂದು, ನಾವು ತೋರಿಸಿದ ಅಕ್ಷರ ಇನ್ನೊಂದು ಆದರೆ ಗಲಿಬಿಲಿಯಾಗುವದು.

ಅರಸನೂ ಆನೆಯೂ ನಮ್ಮ ಓಣಿಯಲ್ಲಿ ಇಲ್ಲ. ಅವ್ವ, ಆಡು, ಇಲಿ, ಉಪ್ಪು, ಊಟ, ಏಣಿ, ಒಲೆ, ಓಣಿ ಇವು ಇವೆ. ಕೂಸು ದಿನಾಲು ನೋಡುವದರಿಂದಲೇ ಆರಂಭಿಸಿರಿ.

ಮೂರು ವರುಷದೊಳಗಿನ ಕೂಸುಗಳ ಹತ್ತರ ಕಡಲೆ, ಗುಂಡಿ, ಮಣಿ, ಸಣ್ಣ ಹರಳು ಮುಂತಾದವುಗಳನ್ನು ಬಿಡಬಾರದು. ಅವು ಗಂಟಲಲ್ಲಿ ಅಥವಾ ಮೂಗಿನಲ್ಲಿ ಸಿಕ್ಕಿ ಪ್ರಾಣಕ್ಕೇ ಅಪಾಯವಾಗಬಹುದು. ದೊಡ್ಡ ಮಕ್ಕಳು ಆಡುವಾಗಲೂ ಹಿರಿಯರೊಬ್ಬರು ಹತ್ತರ ಇರಬೇಕು.

4. ಮಣ್ಣಿನ ಪಾಠ

ನಾಲ್ಕು ವರುಷ ದಾಟಿದ ಮೇಲೆ, ಕೂಸು ತಾನಾಗಿ ಮನಸ್ಸು ತೋರಿಸಿದರೆ, ಅಕ್ಷರದ ಆಕಾರವನ್ನು ಕೈಗೆ ಕೊಡಬಹುದು. ನಮ್ಮ ಎರೆಮಣ್ಣು ನೆನೆದರೆ ಅಂಟಾಗುತ್ತದೆ. ಅದನ್ನು ಹಗ್ಗದಂತೆ ಹೊಸೆದು ಅಕ್ಷರದ ಆಕಾರಕ್ಕೆ ಬಗ್ಗಿಸಿರಿ. ನೆಲದ ಮೇಲೆ ಬೂದಿಯಿಂದ ದೊಡ್ಡ ಅಕ್ಷರವನ್ನು ಬರೆದು ಅದರ ಮೇಲೆ ನಡೆಯಿಸಿರಿ. ಪರಾತದಲ್ಲಿ ಹಿಟ್ಟು ಹರವಿ ಬೆರಳಿನಿಂದ ತಿದ್ದಿಸಿರಿ. ಬೆರಳು, ಮಣಿಕಟ್ಟು ಗಟ್ಟಿಯಾದ ಮೇಲೆ ಬಳಪವು ತಾನೇ ಕೈಗೆ ಒಗ್ಗುವದು.

ಯಾವ ಅಕ್ಷರ ಮೊದಲು? ವರ್ಣಮಾಲೆಯ ಕ್ರಮವು ಉಚ್ಚಾರಣೆಗೆ ಉತ್ತಮವಾದದ್ದು. ಕೈಗಾದರೋ ಬೇರೆ ಕ್ರಮವು ಸುಲಭ. ನಮ್ಮ ಸರಕಾರಿ ಶಾಲೆಗಳಲ್ಲಿ ರೂಢಿಯಾದ ರ, ಗ, ಸ, ದ, ಅ ಎಂಬ ಕ್ರಮವು ಸುಲಭವಾದ ಆಕಾರಗಳಿಂದ ಶುರುವಾಗುತ್ತದೆ. ಈ ಐದರಿಂದಲೇ ಸರ, ರಸ, ಅಗಸ, ಗರಗಸ ಎಂಬ ಮಾತುಗಳಾಗುತ್ತವೆ. ಐದು ಅಕ್ಷರ ಬಂದ ಕೂಡಲೆ ಓದಲಿಕ್ಕೆ ನಾಲ್ಕು ಮಾತು ಸಿಕ್ಕಿದರೆ ಕೂಸಿನ ಸಂತೋಷಕ್ಕೆ ಮೇರೆಯಿಲ್ಲ.

ಅವಸರ ಬೇಡ. ಕನ್ನಡದಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರಗಳು. ಒಂದೊಂದು ವ್ಯಂಜನಕ್ಕೆ ಕಾಗುಣಿತದಲ್ಲಿ 15 ರೂಪಗಳಾದರೆ 510 ಆಗುತ್ತವೆ; ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಓದಿನ ಕುರಿತು ಸೊನಾಲಿ ನಾಗ್ ಎಂಬ ವಿದುಷಿಯು 2007ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಇವೆಲ್ಲವು ಮಕ್ಕಳಿಗೆ ಪೂರ್ತಿ ಕೈವಶವಾಗಲು ಶಾಲೆಯಲ್ಲಿಯೇ ಹಲವು ವರುಷಗಳು ಹಿಡಿಯುತ್ತವೆ ಎಂದು ಕಂಡುಬಂದಿದೆ. ಹಾಗಾದರೆ ಮೂರು ವರುಷದ ಕೂಸಿನಿಂದ ಅದನ್ನು ಕೇಳುವದು ನ್ಯಾಯವೋ?

5. ಮನೆಯ ಮಾತು, ಪುಸ್ತಕದ ಮಾತು

“ಮನಿ” ಎಂಬದು ತಪ್ಪು ಮಾತಲ್ಲ. ಅದು ನಮ್ಮ ಸೀಮೆಯ ಮಾತು. ಮೊದಲು ಅದನ್ನು ಸಂತೋಷದಿಂದ ಅಂಗೀಕರಿಸಿ, ಆಮೇಲೆ “ನಾವು ಮನಿ ಅಂತೀವಿ; ಪುಸ್ತಕದಾಗ ಮನೆ ಅಂತ ಬರೀತಾರ” ಎಂದು ಹೇಳಿದರೆ ಕೂಸು ಎರಡನ್ನೂ ಇಟ್ಟುಕೊಳ್ಳುವದು. ತಾಂಡಾದಲ್ಲಿ ಲಂಬಾಣಿ ಮಾತಾಡುವ ಕೂಸಿಗೂ, ಉರ್ದು ಮಾತಾಡುವ ಕೂಸಿಗೂ, ಇಂಡಿಯ ಗಡಿಯಲ್ಲಿ ಮರಾಠಿ ಮಾತಾಡುವ ಕೂಸಿಗೂ ಇದೇ ನಿಯಮ. ಅದು “ಪಾಣಿ” ಅಂದರೆ ತಂಬಿಗೆಯನ್ನು ಕೊಡಿರಿ. ಕೊಡುತ್ತಾ “ನೀರು” ಎಂದು ಹೇಳಿರಿ. ಬಾಯಾರಿದ ಕೂಸನ್ನು ಮಾತಿಗಾಗಿ ಕಾಯಿಸಬೇಡಿರಿ.

ಆ ಹುಡುಗಿಯ ಸಂಗತಿ ಏನಾಯಿತೆಂದು ಕೇಳುವಿರಿ. ನಾನು ಪಾಟಿಯನ್ನು ಬದಿಗಿಟ್ಟು, ಅಜ್ಜಿಯ ಅಂಗಳದಲ್ಲಿ ಕೂತು ಮಣ್ಣು ಕಲಿಸಿದೆನು. ಹಲವು ದಿವಸಗಳ ಮೇಲೆ ಆಕೆ ಮಣ್ಣಿನ ಒಂದು “ಮ” ಮಾಡಿ ನನ್ನ ಮುಂದಿಟ್ಟು “ಮನಿ” ಎಂದಳು. ನಾನೂ “ಮನಿ” ಎಂದೆನು. ಯುಗಾದಿಯ ಹೊತ್ತಿಗೆ ತಾಯಿ ಹಿಂದಿರುಗಿದಾಗ, ಮಗಳು ತನ್ನ ತಾಯಿಯ ಹೆಸರಿಗೆ ಎಷ್ಟು ಚಪ್ಪಾಳೆ ಎಂಬದನ್ನು ತೋರಿಸಿದಳು.

ದಿನಕ್ಕೆ ಹತ್ತು ಮಿನಿಟು ಸಾಕು. ಕೂಸು ಬೇಸರಪಟ್ಟರೆ ಅಲ್ಲಿಗೇ ನಿಲ್ಲಿಸಿರಿ, ನಾಳೆಯೂ ಇದೆ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಈ ಹೊತ್ತು ಕೂಸಿಗೆ ಯಾವ ಹೊಸ ಮಾತನ್ನು ಮುಟ್ಟಿಸಿ ಕಲಿಸಿದಿರಿ?
2. “ಕ” ಕಲಿಸುವಾಗ ಕುರಿಯನ್ನು ಯಾಕೆ ತೋರಿಸಬಾರದು?
3. ರ, ಗ, ಸ, ದ, ಅ ಈ ಐದರಿಂದ ಇನ್ನು ಯಾವ ಮಾತುಗಳನ್ನು ಮಾಡಬಹುದು?
4. ಕೂಸಿನ ಮಾತಿಗೆ ಯಾರಾದರೂ ನಕ್ಕರೆ ನೀವೇನು ಹೇಳುವಿರಿ?
5. ತಂದೆತಾಯಿಗಳು ದುಡಿಯಲು ದೂರ ಹೋದ ಯಾವ ಕೂಸು ನಿಮ್ಮ ಓಣಿಯಲ್ಲಿ ಇದೆ? ಅದರ ಸಂಗಡ ಮಾತಾಡುವವರು ಯಾರು?