ಪಟ್ಟಿಗೆ ವರ್ಗಮೂಲ: ‘ಇಡೀ’ ಮತ್ತು ‘ಪ್ರತಿಯೊಂದು’

ತರಗತಿ: ಪ್ರಥಮ ಪಿಯುಸಿ
ಅವಧಿ: 45 ನಿಮಿಷ
ಪೂರ್ವಜ್ಞಾನ: ಕರಣಿಗಳ ಸರಳೀಕರಣ, ಪೈಥಾನ್‌ನಲ್ಲಿ ಪಟ್ಟಿ ರಚನೆ
ಸಾಮಗ್ರಿ: ಸಿಮ್‌ಪೈ ಅಳವಡಿಸಿದ ಗಣಕಯಂತ್ರ, ಕಪ್ಪುಹಲಗೆ

ಉದ್ದೇಶ

ಒಂದು ಗಣಿತ ಕ್ರಿಯೆ ಪಟ್ಟಿಯ ಪ್ರತಿಯೊಂದು ಅಂಶಕ್ಕೆ ಅನ್ವಯಿಸಬೇಕೋ, ಇಡೀ ಪಟ್ಟಿಗೆ ಅನ್ವಯಿಸಬೇಕೋ ಎಂಬುದನ್ನು ವಿದ್ಯಾರ್ಥಿಯು ಆಜ್ಞೆ ಬರೆಯುವ ಮೊದಲೇ ನಿರ್ಧರಿಸಬೇಕು. ಇದು ಗಣಕ ಪಾಠದಂತೆ ಕಂಡರೂ ಇದರ ಬೇರು ಗಣಿತದಲ್ಲಿದೆ. 9 ಮತ್ತು 16ರ ಮೊತ್ತದ ವರ್ಗಮೂಲ 5; ಅದನ್ನು 3 + 4 = 7 ಎಂದು ಬರೆಯುವ ವಿದ್ಯಾರ್ಥಿ ಮಾಡುವುದೂ ಇದೇ ಗೊಂದಲವನ್ನೇ.

ಪಾಠದ ಬೆಳವಣಿಗೆ

ಹಂತ 1. ಕಪ್ಪುಹಲಗೆಯ ಮೇಲೆ 2, 8, 9, 18 ಎಂಬ ಪಟ್ಟಿ ಬರೆಯಿರಿ. ಪ್ರತಿಯೊಂದರ ವರ್ಗಮೂಲವನ್ನು ಕೈಯಿಂದಲೇ ಬರೆಸಿ: √2, 2√2, 3, 3√2. ಪೈಥಾನ್‌ನ ಸಾಮಾನ್ಯ ಗಣಿತ ಘಟಕವು 8ರ ವರ್ಗಮೂಲಕ್ಕೆ 2.828 ಎಂದು ಆರಂಭವಾಗುವ ದಶಮಾಂಶ ಕೊಡುತ್ತದೆ. ಸಿಮ್‌ಪೈ 2√2 ಎಂದೇ ಉಳಿಸಿಕೊಳ್ಳುತ್ತದೆ. ಸಾಂಕೇತಿಕ ಗಣನೆ ಎಂದರೆ ಇದೇ. ಉತ್ತರವು ನೋಟ್‌ಪುಸ್ತಕದ ರೂಪದಲ್ಲೇ ಬರುವುದರಿಂದ ವಿದ್ಯಾರ್ಥಿ ತಾನೇ ತಾಳೆ ನೋಡಬಹುದು.

ಹಂತ 2. ಈಗ ಸಿಮ್‌ಪೈಯ ವರ್ಗಮೂಲ ಫಲನಕ್ಕೆ ಇಡೀ ಪಟ್ಟಿಯನ್ನು ಕೊಡಿಸಿ. ದೋಷ ಸಂದೇಶ ಬರುತ್ತದೆ. ಕೂಡಲೇ ಪರಿಹಾರ ಹೇಳಬೇಡಿ. “ನಾಲ್ಕು ಸಂಖ್ಯೆಗಳನ್ನು ಕೊಟ್ಟೆವೋ, ಒಂದು ಪಟ್ಟಿಯನ್ನು ಕೊಟ್ಟೆವೋ?” ಎಂದು ಕೇಳಿ. ಪಟ್ಟಿಯು ಸಂಖ್ಯೆಗಳಿರುವ ಡಬ್ಬಿ. ಡಬ್ಬಿಗೆ ವರ್ಗಮೂಲವಿಲ್ಲ ಎಂಬ ಉತ್ತರ ಮಕ್ಕಳಿಂದಲೇ ಬರಲಿ.

ಹಂತ 3. ಅದೇ ಪಟ್ಟಿಯನ್ನು 2ರಿಂದ ಗುಣಿಸಲು ಹೇಳಿ. 4, 16, 18, 36 ಬರುತ್ತದೆಂದು ತರಗತಿ ಊಹಿಸುತ್ತದೆ. ಬರುವುದು 2, 8, 9, 18, 2, 8, 9, 18. ಪೈಥಾನ್ ಪಟ್ಟಿಯನ್ನೇ ಎರಡು ಸಲ ಜೋಡಿಸಿತು. ಇಲ್ಲಿ ದೋಷ ಸಂದೇಶವೇ ಇಲ್ಲ! ಪಾಠದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಯಂತ್ರ ತಕರಾರು ಮಾಡದಿದ್ದರೆ ಉತ್ತರ ಸರಿ ಎಂಬ ನಂಬಿಕೆ ಇಲ್ಲಿ ಒಡೆಯಬೇಕು.

ಹಂತ 4. ಈಗ ‘ಪ್ರತಿಯೊಂದಕ್ಕೂ’ ಎಂದು ಹೇಳುವ ಬಗೆಯನ್ನು ಕಲಿಸಿ. ಚೌಕಾವರಣದೊಳಗೆ ಮೊದಲು ಮಾಡಬೇಕಾದ ಕೆಲಸ, ನಂತರ ‘ಫಾರ್’, ಅಂಶಕ್ಕೊಂದು ಹೆಸರು, ‘ಇನ್’, ಕೊನೆಗೆ ಪಟ್ಟಿಯ ಹೆಸರು. ಇನ್ನೊಂದು ದಾರಿ ‘ಮ್ಯಾಪ್’: ಅದಕ್ಕೆ ಫಲನದ ಹೆಸರನ್ನೂ ಪಟ್ಟಿಯನ್ನೂ ಕೊಡುತ್ತೇವೆ, ಫಲಿತಾಂಶವನ್ನು ‘ಲಿಸ್ಟ್’ ಮೂಲಕ ಪಟ್ಟಿಯಾಗಿಸಬೇಕು. ವುಲ್ಫ್ರಾಂ ಭಾಷೆಯಲ್ಲಿ ವರ್ಗಮೂಲಕ್ಕೆ ಪಟ್ಟಿ ಕೊಟ್ಟರೆ ಅದು ತಾನಾಗಿಯೇ ಎಲ್ಲ ಅಂಶಗಳಿಗೂ ಹಂಚಿಕೊಳ್ಳುತ್ತದೆ. ಆದ್ದರಿಂದ ನಿಯಮವನ್ನು ಬಾಯಿಪಾಠ ಮಾಡಿಸಿದರೆ ಅದು ಒಂದು ಭಾಷೆಗೆ ಮಾತ್ರ ಸಲ್ಲುತ್ತದೆ. ಪ್ರಶ್ನೆಯನ್ನು ಕಲಿಸಿದರೆ ಎಲ್ಲ ಕಡೆಗೂ ಸಲ್ಲುತ್ತದೆ.

ಹಂತ 5. ಎರಡು ಲೆಕ್ಕಗಳನ್ನು ಅಕ್ಕಪಕ್ಕ ಮಾಡಿಸಿ. ಮೊದಲು ವರ್ಗಮೂಲ, ನಂತರ ಮೊತ್ತ: 3 + 6√2. ಮೊದಲು ಮೊತ್ತ, ನಂತರ ವರ್ಗಮೂಲ: √37. ಮೊದಲನೆಯದು 11ಕ್ಕಿಂತ ಹೆಚ್ಚು, ಎರಡನೆಯದು 6ಕ್ಕಿಂತ ತುಸು ಹೆಚ್ಚು. ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತದೆ.

ಮುಂದಿನ ಪಾಠಕ್ಕೆ ಕೊಂಡಿ

ಅವಕಲನ ಕಲಿತ ಮೇಲೆ ಇದೇ ವಿಚಾರಕ್ಕೆ ಮರಳಬಹುದು. 1958ರಲ್ಲಿ ಅಮೆರಿಕದ ಜಾನ್ ಮೆಕಾರ್ಥಿ ಬೀಜೋಕ್ತಿಗಳ ಅವಕಲನವನ್ನು ಗಣಕದಿಂದ ಮಾಡಿಸಲು ಹೊರಟಾಗ, ಎಷ್ಟೇ ಪದಗಳಿರುವ ಮೊತ್ತವಾದರೂ ಪದಪದಕ್ಕೂ ಅದೇ ಕ್ರಿಯೆ ನಡೆಯಬೇಕಿತ್ತು. ಆ ಅಗತ್ಯದಿಂದ ‘ಮ್ಯಾಪ್‌ಲಿಸ್ಟ್’ ಎಂಬ ಫಲನ ಹುಟ್ಟಿ, ಮುಂದೆ ಲಿಸ್ಪ್ ಭಾಷೆಗೆ ಬಂತು. ಮೊತ್ತಕ್ಕೆ ಸಲ್ಲುವ ಈ ಕ್ರಮ ಗುಣಲಬ್ಧಕ್ಕೆ ಸಲ್ಲದು. ಕ್ಷ² × ಕ್ಷ³ ಎಂದರೆ ಕ್ಷ⁵. ಅದರ ಅವಕಲನ 5ಕ್ಷ⁴. ಬಿಡಿಬಿಡಿಯಾಗಿ ಅವಕಲಿಸಿ ಗುಣಿಸಿದರೆ 6ಕ್ಷ³ ಬರುತ್ತದೆ, ಅದು ತಪ್ಪು.

ಮೌಲ್ಯಮಾಪನ

ಈ ಕೆಳಗಿನವುಗಳಲ್ಲಿ ಯಾವುದು ‘ಇಡೀ’, ಯಾವುದು ‘ಪ್ರತಿಯೊಂದು’ ಎಂದು ಗಣಕ ಮುಟ್ಟುವ ಮೊದಲು ಬರೆಸಿ: ಉದ್ದ ಎಣಿಸುವುದು, ವರ್ಗ ಮಾಡುವುದು, ಗರಿಷ್ಠ ಸಂಖ್ಯೆ ಹುಡುಕುವುದು, ಅಪವರ್ತಿಸುವುದು, ಸರಾಸರಿ ಕಂಡುಹಿಡಿಯುವುದು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಹಂತ 4ರ ಆಜ್ಞೆಯನ್ನು ಮೊದಲೇ ಹಲಗೆಯ ಮೇಲೆ ಬರೆದರೆ ಪಾಠ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಮಕ್ಕಳು ಅದನ್ನು ನಕಲು ಮಾಡುತ್ತಾರೆ. ಹಂತ 2 ಮತ್ತು 3ರಲ್ಲಿ ಊಹೆ ಬರೆಸದೆ ಮುಂದೆ ಹೋಗಬೇಡಿ. ಪಾಠ ವೀಕ್ಷಿಸುವವರು ಪ್ರೋಗ್ರಾಂ ಓಡಿತೇ ಎಂದಷ್ಟೇ ನೋಡದೆ, ಓಡಿಸುವ ಮೊದಲು ಎಷ್ಟು ಮಕ್ಕಳು ಊಹೆ ಬರೆದಿದ್ದರು ಎಂಬುದನ್ನೂ ಗುರುತಿಸಿಕೊಳ್ಳುವುದು ಒಳ್ಳೆಯದು.